ಸ್ಕ್ರಿಪ್ಟ್ 'ಓಡಿಸು' ಸರಿ, 'ಸೋರ್ಸ್' ಮಾಡುವುದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಲಿನಕ್ಸ್ ಹೊಸದಾಗಿ ಕಲಿಯುವವರಿಗೆಂದು ಒಂದು ಕೈಪಿಡಿ ಬರೆಯುತ್ತಿದ್ದೇನೆ. ಶೆಲ್ (ನಾವು ಟೈಪ್ ಮಾಡಿದ ಕಮಾಂಡುಗಳನ್ನು ಓದಿ ನಡೆಸುವ ಪ್ರೋಗ್ರಾಂ) ಅಧ್ಯಾಯದಲ್ಲಿ ಒಂದು ಕ್ರಿಯಾಪದ ಸಿಗದೆ ಕೆಲಸ ನಿಂತಿದೆ. ಸ್ಕ್ರಿಪ್ಟ್ ಅಂದರೆ ಇಂಥ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಕಡತ; ಅದನ್ನು ನಡೆಸುವ ದಾರಿ ಎರಡು.

ಸ್ಕ್ರಿಪ್ಟಿನ ಹೆಸರಿಗೆ ಮೊದಲು ./ ಸೇರಿಸಿ ಎಂಟರ್ ಒತ್ತಿದರೆ ಬೇರೆಯೇ ಒಂದು ಪ್ರೋಸೆಸ್ (ನಡೆಯುತ್ತಿರುವ ಪ್ರೋಗ್ರಾಂ) ಹುಟ್ಟುತ್ತದೆ. ಮೊದಲ ಸಾಲಿನಲ್ಲಿ #! ಆದಮೇಲೆ ಯಾವ ಶೆಲ್ಲಿನ ಹೆಸರಿದೆಯೋ ಅದು ಬಂದು ಉಳಿದ ಸಾಲುಗಳನ್ನು ನಡೆಸುತ್ತದೆ, ಮುಗಿದ ಕೂಡಲೇ ಹೊರಟುಹೋಗುತ್ತದೆ. ಅದು ಇಟ್ಟುಕೊಂಡಿದ್ದ ವೇರಿಯಬಲ್‌ಗಳೂ ಅದರ ಜೊತೆಗೇ ಹೋದವು. "ಸ್ಕ್ರಿಪ್ಟಿನಲ್ಲಿ ಫೋಲ್ಡರ್ ಬದಲಿಸೋ ಸಿಡಿ (cd) ಕಮಾಂಡ್ ಬರೆದಿದ್ದೀನಿ, ಆದ್ರೂ ಇದ್ದ ಫೋಲ್ಡರಲ್ಲೇ ಇದ್ದೀನಲ್ಲ" ಅಂತ ಹೊಸಬರು ತಲೆ ಕೆರೆದುಕೊಳ್ಳುವುದು ಇದಕ್ಕೇ.

ಸೋರ್ಸ್ ಮಾಡಿದರೆ ಹಾಗಲ್ಲ. ಹೊಸ ಪ್ರೋಸೆಸ್ ಇಲ್ಲ. ನಾವೇ ಕೂತು ಟೈಪ್ ಮಾಡಿದ ಹಾಗೆ ಈಗಿರುವ ಶೆಲ್ಲೇ ಒಂದೊಂದು ಸಾಲನ್ನೂ ಓದಿ ಮಾಡುತ್ತದೆ. #! ಸಾಲಿಗೆ ಇಲ್ಲಿ ಬೆಲೆಯಿಲ್ಲ, ಅದು ಬರೀ ಕಾಮೆಂಟ್. ಕಡತವನ್ನು ಓದುವ ಅನುಮತಿ ಇದ್ದರೆ ಸಾಕು, ಓಡಿಸುವ ಅನುಮತಿ ಬೇಕಿಲ್ಲ. ಬ್ಯಾಷ್ ಎಂಬ ಶೆಲ್ ಶುರುವಾಗುವಾಗ ಓದುವ ಬ್ಯಾಷ್‌ಆರ್‌ಸಿ (.bashrc) ಕಡತಕ್ಕೆ ಹೊಸ ಅಲಿಯಾಸ್ (ಕಮಾಂಡಿಗೆ ನಾವಿಡುವ ಅಡ್ಡಹೆಸರು) ಸೇರಿಸಿದಮೇಲೆ ಅದನ್ನು ಸೋರ್ಸ್ ಮಾಡುವುದೂ ಇದಕ್ಕೇ. ಸ್ಕ್ರಿಪ್ಟಿನ ಮಧ್ಯೆ ಎಕ್ಸಿಟ್ ಇದ್ದರಂತೂ ನಮ್ಮ ಟರ್ಮಿನಲ್ ಕಿಟಕಿಯೇ ಮುಚ್ಚಿಹೋಗುತ್ತದೆ!

ಇಷ್ಟು ವ್ಯತ್ಯಾಸ ಇರುವಾಗ ಎರಡಕ್ಕೂ 'ಚಲಾಯಿಸು' ಅಂದರೆ ಹೇಗೆ? ಆ ಪದವೇ ನನಗೆ ಅಷ್ಟು ಹಿಡಿಸುವುದಿಲ್ಲ, ಡ್ರೈವಿಂಗ್ ಲೈಸೆನ್ಸಿನ ವಾಸನೆ ಜಾಸ್ತಿ. 'ಸ್ಕ್ರಿಪ್ಟ್ ಓಡ್ತಾ ಇದೆ' ಅಂತ ಬಾಯಲ್ಲಿ ಆಗಲೇ ಇದೆ. ಅದಕ್ಕೇ ಮೊದಲನೆಯದಕ್ಕೆ 'ಓಡಿಸು' ಇಟ್ಟುಕೊಂಡಿದ್ದೇನೆ.

ಎರಡನೆಯದಕ್ಕೆ 'ಆಕರ' ಹಚ್ಚುವುದು ಬೇಡ, ಅದು ಸೋರ್ಸ್ ಕೋಡಿಗೆ ಅಂಟಿಕೊಂಡಿದೆ. ಅಲ್ಲದೆ 'ಸೋರ್ಸ್' ಅನ್ನುವ ಹೆಸರು ಸಿ ಶೆಲ್ ಕಡೆಯಿಂದ ಬಂದದ್ದು. 1979ರ ಬೋರ್ನ್ ಶೆಲ್‌ನಲ್ಲಿ ಈ ಕೆಲಸಕ್ಕೆ ಬರೀ ಒಂದು ಚುಕ್ಕಿ. ಡ್ಯಾಶ್ ಎಂಬ ಶೆಲ್‌ನಲ್ಲಿ ಇವತ್ತಿಗೂ ಚುಕ್ಕಿಯೇ, ಸೋರ್ಸ್ ಅಂತ ಬರೆದರೆ ಅಂಥ ಕಮಾಂಡೇ ಇಲ್ಲ ಅನ್ನುತ್ತದೆ. ಹಾಗಾಗಿ ಆ ಇಂಗ್ಲಿಷ್ ಪದಕ್ಕೇ ನಾವು ಜೋತುಬೀಳಬೇಕಿಲ್ಲ ಅಲ್ವಾ?

ನನಗೆ ಹೊಳೆದದ್ದು 'ಓದಿಸು'. 'ಬ್ಯಾಷ್‌ಆರ್‌ಸಿಯನ್ನು ಶೆಲ್‌ಗೆ ಓದಿಸಿ' ಅಂದರೆ ನಡೆಯುವುದೂ ಅದೇ. ತೊಡಕು ಒಂದೇ: ಓಡಿಸು, ಓದಿಸು ನಡುವೆ ಇರುವುದು ಡ-ದ ವ್ಯತ್ಯಾಸ ಮಾತ್ರ. ಅಚ್ಚಿನಲ್ಲಿ ಒಂದು ಅಕ್ಷರ ತಪ್ಪಿದರೂ ಅರ್ಥ ತಿರುಗಾಮುರುಗಾ. 'ಒಳಗೆಳೆ' ಅನ್ನಬಹುದೇನೋ, ಆದರೆ ಅದು ಇಂಪೋರ್ಟಿಗೆ ಸರಿಹೋಗುವ ಪದ.

ಶೆಲ್ಲನ್ನು ಶೆಲ್ ಎಂದೇ ಬಿಟ್ಟಿದ್ದೇನೆ. ಆಪರೇಟಿಂಗ್ ಸಿಸ್ಟಮ್ಮಿನ ಒಳಭಾಗವಾದ ಕರ್ನಲ್ 'ತಿರುಳು' ಆದರೆ ಶೆಲ್ 'ಚಿಪ್ಪು' ಆಗಲಿ ಅನ್ನುವವರಿದ್ದಾರೆ, ಜೋಡಿಯೂ ಚೆನ್ನಾಗಿದೆ. ಆದರೆ ಕಲಿಯಲು ಬಂದವರ ಕೈಗೆ ಮೊದಲ ದಿನವೇ ಚಿಪ್ಪು ಕೊಡುವುದು ಹೇಗೆ? ಸ್ಕ್ರಿಪ್ಟಿಗೆ 'ಲಿಪಿ'ಯೂ ಬೇಡ, ಅದು ಅಕ್ಷರಗಳಿಗಿರಲಿ.

ಪಾಠ ಹೇಳುವವರು ಯಾರಾದರೂ ಇದ್ದರೆ, ಈ ಚುಕ್ಕಿ ಕಮಾಂಡನ್ನು ಬಾಯಿಮಾತಿನಲ್ಲಿ ಹೇಗೆ ವಿವರಿಸುತ್ತೀರಿ, ತಿಳಿಸಿ. 'ಓದಿಸು' ಕಿವಿಗೆ ಹೇಗನಿಸುತ್ತದೆ ಅಂತಲೂ ಹೇಳಿ.