ಟೊಮ್ಯಾಟೊ ಗಾಡಿಗೆ ಇನ್ನೊಂದು ಬ್ಲೇಡ್ ಹಾಕಿಸಲಾ?

ಕೋಲಾರದ ಗಾಡಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಗೂಡ್ಸ್ ಗಾಡಿ. ಕೋಲಾರ ಎಪಿಎಂಸಿಗೆ ಟೊಮ್ಯಾಟೊ ಹೊಡೆಯುತ್ತೇನೆ. ಕ್ರೇಟ್ ತುಂಬಿದರೆ ಹಿಂಭಾಗ ಕೂತುಬಿಡುತ್ತದೆ. ಹಿಂದಿನ ಸ್ಪ್ರಿಂಗಿಗೆ ಇನ್ನೊಂದು ಬ್ಲೇಡ್ (ಬಾಗಿದ ಉಕ್ಕಿನ ಪಟ್ಟಿ) ಸೇರಿಸು ಅಂತಾರೆ. ಸೇರಿಸಲಾ? ಹಾಗೇ ಒಂದು ಸಂದೇಹ: ಸ್ಕೂಟರಿಗೆ ಸುರುಳಿ ಸ್ಪ್ರಿಂಗ್ ಇರುತ್ತದೆ, ನಮ್ಮ ಗಾಡಿಗ್ಯಾಕೆ ಪಟ್ಟಿ?

ಬ್ಲೇಡ್ ಮೇಸ್ತ್ರಿ, ಹುಬ್ಬಳ್ಳಿ:
ಅಣ್ಣ, ಮೊದಲು ನಿಮ್ಮ ಸಂದೇಹ. ಸುರುಳಿ ತೂಕ ಹೊರುತ್ತದೆ, ಅಷ್ಟೇ. ಆಕ್ಸಲ್ (ಚಕ್ರಗಳ ಅಚ್ಚು) ಆಚೀಚೆ ಜಾರದಂತೆ ಹಿಡಿಯಲು ಬೇರೆ ರಾಡುಗಳು ಬೇಕು. ಬ್ಲೇಡ್ ಎರಡೂ ಕೆಲಸ ಮಾಡುತ್ತದೆ. ಬ್ಲೇಡುಗಳು ಒಂದಕ್ಕೊಂದು ಉಜ್ಜುವುದರಿಂದ ಗಾಡಿಯ ಕುಣಿತವೂ ಸ್ವಲ್ಪ ಅಡಗುತ್ತದೆ. ಕೆಳಗಿನವು ಗಿಡ್ಡ ಯಾಕೆ ಗೊತ್ತಾ? ಬಾಗಿಸುವ ಒತ್ತಡ ನಡುವೆ ಜಾಸ್ತಿ, ತುದಿಗೆ ಕಮ್ಮಿ. ಲೋಡ್ ಬಿದ್ದಾಗ ಕಮಾನು ಚಪ್ಪಟೆಯಾಗುತ್ತದೆ, ತುದಿಗಳು ದೂರ ಸರಿಯುತ್ತವೆ. ಅದಕ್ಕೇ ಒಂದು ತುದಿಗೆ ಪಿನ್ನು, ಇನ್ನೊಂದಕ್ಕೆ ಅಲ್ಲಾಡುವ ಕೊಂಡಿ, ಅಂದರೆ ಶ್ಯಾಕಲ್.

ಬ್ಲೇಡ್ ಸೇರಿಸಿದರೆ ಕೂರುವುದು ಕಮ್ಮಿಯಾಗುತ್ತದೆ, ನಿಜ. ಆದರೆ ಆಕ್ಸಲ್, ಟೈರು, ಬ್ರೇಕು ಹಳೆಯವೇ ಅಲ್ವಾ? ಆರ್‌ಸಿಯಲ್ಲಿರುವ ತೂಕವೂ ಅಷ್ಟೇ. ಖಾಲಿ ಬರುವಾಗ ಗಾಡಿ ಎಗರುತ್ತದೆ, ಟೈರಿನ ಹಿಡಿತ ತಪ್ಪುತ್ತದೆ. ಅಷ್ಟು ತೂಕದೊಳಗೇ ಹಾಕಿದರೂ ಕೂರುತ್ತಿದ್ದರೆ ಕಮಾನು ಇಳಿದಿದೆ, ಇಲ್ಲವೇ ಯಾವುದೋ ಬ್ಲೇಡ್ ಕಟ್ಟಾಗಿದೆ. ಅದನ್ನು ನೋಡಿಸಿ.

ಕಟ್ಟಾಗಿದ್ದರೆ ವೆಲ್ಡಿಂಗ್ ಮಾತ್ರ ಬೇಡವೇ ಬೇಡ. ದಯವಿಟ್ಟು. ಈ ಉಕ್ಕನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಸ್ವಲ್ಪ ಬಿಸಿ ಮಾಡಿ ಹದ ಕೊಟ್ಟಿರುತ್ತಾರೆ. ವೆಲ್ಡಿಂಗ್ ಬಿಸಿಗೆ ಆ ಹದ ಹೋಗುತ್ತದೆ, ಬೆಸುಗೆ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಹಳೇ ಬ್ಲೇಡಿನಿಂದ ಮಚ್ಚು ಮಾಡುವ ಕಮ್ಮಾರರನ್ನು ಕೇಳಿ, ಕಾಯಿಸಿ ಬಡಿದ ಮೇಲೆ ಅವರೂ ಹೊಸದಾಗಿ ಹದ ಹಾಕುತ್ತಾರೆ.

ಸುಳ್ಯದ ತೋಟದವ:
ಮೇಸ್ತ್ರಿಗಳೇ, ಬ್ಲೇಡಿನ ತುದಿಯಲ್ಲಿ ಪಿನ್ನು ಕೂರುವ ಕಣ್ಣಿನೊಳಗಿನ ಬಳೆ, ಅಂದರೆ ಬುಶ್ ಬಗ್ಗೆಯೂ ಹೇಳಿ. ನಮ್ಮದು ರಬ್ಬರ್ ತೋಟ. ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಶೀಟ್ ಒತ್ತಿ, ಹೊಗೆಗೂಡಲ್ಲಿ ಒಣಗಿಸಿ ಮಾರುತ್ತೇವೆ. ಆ ಶೀಟನ್ನು ಹಾಗೇ ಬುಶ್ ಮಾಡಿದರೆ ಬಿಸಿಲಿಗೆ ಮೆತ್ತಗಾಗುತ್ತದೆ. ಗಂಧಕ ಸೇರಿಸಿ ಬೇಯಿಸಿದರೆ ಮಾತ್ರ ಎಳೆದರೂ ಹಳೇ ಆಕಾರಕ್ಕೆ ಬರುತ್ತದೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದು ಇದನ್ನೇ. ಬೆಂದ ರಬ್ಬರಿಗೂ ಎಣ್ಣೆ ಆಗಿ ಬರುವುದಿಲ್ಲ, ಊದಿಕೊಳ್ಳುತ್ತದೆ. ರಬ್ಬರ್ ಬುಶ್‌ಗೆ ಗ್ರೀಸ್, ಡೀಸೆಲ್ ಸವರಬೇಡಿ.

ಬ್ಲೇಡ್ ಮೇಸ್ತ್ರಿ, ಹುಬ್ಬಳ್ಳಿ:
ಸರಿಯಾಗಿ ಹೇಳಿದಿರಿ. ಗ್ರೀಸ್ ತುಂಬುವ ನಿಪ್ಪಲ್ ಇರುವ ಲೋಹದ ಬುಶ್ ಬೇರೆ, ಅದಕ್ಕೆ ಗ್ರೀಸ್ ಬೇಕೇ ಬೇಕು.

ಕೋಲಾರದ ಗಾಡಿ:
ಈಗಷ್ಟೇ ಕೆಳಗೆ ಬಗ್ಗಿ ನೋಡಿದೆ. ಎಡಗಡೆ ಎರಡನೇ ಬ್ಲೇಡ್ ನಡು ಬೋಲ್ಟಿನ ಹತ್ತಿರ ಕಟ್ಟಾಗಿದೆ!

ಬ್ಲೇಡ್ ಮೇಸ್ತ್ರಿ, ಹುಬ್ಬಳ್ಳಿ:
ನಡುವೆ ಕಟ್ಟಾದರೆ, ಬ್ಲೇಡುಗಳನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಸಡಿಲ ಇತ್ತೇನೋ ಅಂತ ನನಗೆ ಅನುಮಾನ. ಅದು ಸಡಿಲವಾದರೆ ಬ್ಲೇಡು ನಡುವೆಯೂ ಬಾಗುತ್ತದೆ. ನಡು ಬೋಲ್ಟಿನ ತೂತು ಅಲ್ಲೇ ಇರುವುದರಿಂದ ಬಿರುಕು ಅಲ್ಲಿಂದಲೇ ಶುರು. ಬ್ಲೇಡ್ ಬದಲಾಯಿಸುವಾಗ ಯು-ಬೋಲ್ಟೂ ಹೊಸದು ಹಾಕಿಸಿ. ಬಲಗಡೆಯ ಕಮಾನು ಅಳೆದು ಎರಡೂ ಕಡೆ ಸಮ ಮಾಡಿಸಿ. ಲೋಡ್ ಹಾಕಿ ಸ್ವಲ್ಪ ಓಡಿಸಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ. ಬ್ಲೇಡ್ ಬದಲಾಯಿಸುವವರೆಗೆ ಲೋಡ್ ಹೊಡೆಯಬೇಡಿ ಅಣ್ಣ.