ನ್ಯಾಫ್ತಲೀನ್ ತಣ್ಣಗಾಗುವಾಗ ತಾಪಮಾನ ಮೇಲಕ್ಕೆ ಏರಿತು, ಯಾಕೆ?

ಪಿಯು ವಿದ್ಯಾರ್ಥಿನಿ:
ನಿನ್ನೆ ಲ್ಯಾಬ್‌ನಲ್ಲಿ ನ್ಯಾಫ್ತಲೀನ್ ಪುಡಿಯನ್ನು (ಅದೇ, ನುಸಿಗುಳಿಗೆ) ಬಿಸಿನೀರಲ್ಲಿಟ್ಟು ಕರಗಿಸಿ, ಹೊರಗೆ ತೆಗೆದು, ಅರ್ಧ ನಿಮಿಷಕ್ಕೊಮ್ಮೆ ತಾಪಮಾನ ಬರೆದುಕೊಂಡೆ. 95 ಡಿಗ್ರಿಯಿಂದ ಚೆನ್ನಾಗಿ ಇಳಿಯುತ್ತಾ ಬಂತು. ಅದು ಗಟ್ಟಿಯಾಗುವ 80ರಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ, 78ಕ್ಕೆ ಹೋಯಿತು, ಆಮೇಲೆ ತಾನಾಗೇ 80ಕ್ಕೆ ಏರಿ ಅಲ್ಲೇ ಕೂತುಬಿಟ್ಟಿತು. ಯಾರೂ ಕಾಯಿಸಿಲ್ಲ! ಆ ಎರಡು ಚುಕ್ಕೆ ಅಳಿಸಿ ಗೆರೆ ಎಳೆ ಅಂತಾಳೆ ಗೆಳತಿ. ಅಳಿಸಲಾ?

ಉತ್ತರ 1:
ಥರ್ಮಾಮೀಟರ್ ಕೆಟ್ಟಿರಬೇಕು. ಬೇರೆಯದರಲ್ಲಿ ನೋಡಿ.

ಉತ್ತರ 2, ಕೆಮಿಸ್ಟ್ರಿ ಮೇಷ್ಟ್ರು:
ಕೆಟ್ಟಿದ್ದರೆ ವಾಪಸ್ ಬಂದು ಸರಿಯಾಗಿ 80ಕ್ಕೇ ನಿಲ್ಲುತ್ತಿತ್ತಾ? ಅಳಿಸಬೇಡಮ್ಮಾ, ನಿನ್ನ ಗ್ರಾಫ್‌ನಲ್ಲಿ ಸ್ವಾರಸ್ಯ ಇರೋದೇ ಆ ಗುಳಿಯಲ್ಲಿ. ಇದಕ್ಕೆ ಸೂಪರ್‌ಕೂಲಿಂಗ್ ಅನ್ನುತ್ತಾರೆ. 80ಕ್ಕೆ ಬಂದ ಕೂಡಲೇ ಗಟ್ಟಿಯಾಗೋಕೆ ಮೊದಲ ಹರಳು ಬೇಕು. ಅಣುಗಳು ಸಾಲಾಗಿ ಸೇರಿ ಆ ಹರಳು ಹುಟ್ಟುವುದು ತಡವಾದರೆ ದ್ರವ ದ್ರವವಾಗೇ ಇನ್ನೂ ತಣ್ಣಗಾಗುತ್ತದೆ. ಹರಳು ಹುಟ್ಟಿತೋ, ಗುಪ್ತೋಷ್ಣ (ದ್ರವ ಗಟ್ಟಿಯಾಗುವಾಗ ಬಿಡುವ ಶಾಖ) ಹೊರಗೆ ಬೀಳುತ್ತದೆ, ಗ್ರಾಂಗೆ ಸುಮಾರು 148 ಜೂಲ್. ದ್ರವವನ್ನು 2 ಡಿಗ್ರಿ ಬಿಸಿ ಮಾಡಲು ಗ್ರಾಂಗೆ ಮೂರೂವರೆ ಜೂಲ್ ಸಾಕು, ಹಾಗಾಗಿ ನೂರಕ್ಕೆ ಎರಡು ಮೂರು ಪಾಲು ಗಟ್ಟಿಯಾದರೆ 80 ಮುಟ್ಟಿಬಿಡುತ್ತದೆ. ಆಮೇಲೆ ಹೊರಗೆ ಹೋಗುವ ಶಾಖ, ಒಳಗೆ ಬಿಡುಗಡೆಯಾಗುವ ಶಾಖ ಸಮ, ಎಲ್ಲ ಗಟ್ಟಿಯಾಗುವವರೆಗೂ ಗೆರೆ ಚಪ್ಪಟೆ.

ಪಿಯು ವಿದ್ಯಾರ್ಥಿನಿ:
ಓಹ್! ಹಾಗಾದರೆ ಸರ್, ಕಾಯಿಸುವಾಗ ಯಾಕೆ 82ಕ್ಕೆ ಹೋಗಿ ವಾಪಸ್ ಬರಲಿಲ್ಲ?

ಕೆಮಿಸ್ಟ್ರಿ ಮೇಷ್ಟ್ರು:
ಒಳ್ಳೆ ಪ್ರಶ್ನೆ. ಕರಗುವುದಕ್ಕೆ ಯಾವ ಹರಳೂ ಹುಟ್ಟಬೇಕಿಲ್ಲ, ಮೇಲ್ಮೈಯ ಅಣುಗಳು ಮೊದಲೇ ಸಡಿಲ, ಅಲ್ಲಿಂದಲೇ ಶುರುವಾಗುತ್ತದೆ. ಮುಂದಿನ ಸಲ ಕಲಕುತ್ತಾ ಇರು, ಇಲ್ಲ 80 ಹತ್ತಿರ ಬಂದಾಗ ಒಂದು ಚಿಟಿಕೆ ಪುಡಿ ಹಾಕು, ಗುಳಿ ಹೆಚ್ಚುಕಮ್ಮಿ ಮಾಯ. ನೇರ ಉರಿಯಲ್ಲಿ ಮಾತ್ರ ಕಾಯಿಸಬೇಡ, ಅದರ ಆವಿ ಹೊತ್ತಿಕೊಳ್ಳುತ್ತದೆ.

ಉತ್ತರ 3:
ಸುಮ್ನೆ ತಮಾಷೆಗೆ ಮನೆಯಲ್ಲಿ ತುಪ್ಪದಲ್ಲಿ ಇದನ್ನೇ ಮಾಡಿದ್ದೆ. ಚಪ್ಪಟೆ ಗೆರೆಯೇ ಸಿಗಲಿಲ್ಲ, ಓರೆಯಾಗಿ ಇಳಿಯುತ್ತಲೇ ಹೋಯಿತು. ಅದು ಹಲವು ಕೊಬ್ಬುಗಳ ಮಿಶ್ರಣ ಅಲ್ವಾ, ಒಂದೊಂದು ಒಂದೊಂದು ಡಿಗ್ರಿಗೆ ಗಟ್ಟಿಯಾಗುತ್ತದೆ. ಅಮ್ಮನ ಬೈಗುಳ ಮಾತ್ರ ಜಾಸ್ತಿ ಸಿಕ್ಕಿತು.

ಉತ್ತರ 1:
ಸರಿ, ಥರ್ಮಾಮೀಟರ್ ಮಾತು ವಾಪಸ್ ತಗೊಂಡೆ.