ನಾಲ್ಕು ಸ್ಟಿಕ್ ರ‍್ಯಾಮ್ 6000ದಲ್ಲಿ ನಿಲ್ಲುತ್ತಿಲ್ಲ, ಅನುಭವ ಇದ್ದವರು ಹೇಳಿ

ರಾಜಾಜಿನಗರ:
ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದ ಹಿಂದೆ ನಾನೇ ಜೋಡಿಸಿಕೊಂಡ ಕಂಪ್ಯೂಟರ್. ಎಎಂಡಿಯ ರೈಸನ್ 5 7600 ಪ್ರೊಸೆಸರ್, ಬಿ650 ಬೋರ್ಡ್, ಡಿಡಿಆರ್5 6000 ವೇಗದ 16 ಜಿಬಿ ಸ್ಟಿಕ್ ಎರಡು. ಡಬ್ಬಿಯ ಮೇಲಿನ ವೇಗ ಕೊಡುವ ಎಕ್ಸ್‌ಪೋ ಸೆಟ್ಟಿಂಗ್ ಹಾಕಿಯೇ ಓಡಿಸುತ್ತಿದ್ದೆ, ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಮದುವೆ ವಿಡಿಯೋ ಎಡಿಟಿಂಗ್ ಕೆಲಸ ಹೆಚ್ಚಾಯಿತೆಂದು ಅದೇ ಕಂಪನಿಯ, ಅದೇ ಮಾದರಿಯ ಇನ್ನೊಂದು ಜೋಡಿ ತಂದೆ. ಮೊದಲ ಜೋಡಿಗೆ 9,200 ಕೊಟ್ಟಿದ್ದೆ. ರ‍್ಯಾಮ್ ಬೆಲೆ ಈಗ ಎಲ್ಲಿಗೆ ಏರಿದೆ ಎಂದು ನಿಮಗೇ ಗೊತ್ತು, ಎರಡನೆಯದಕ್ಕೆ 31,500. ನಾಲ್ಕೂ ಹಾಕಿದ ಮೇಲೆ ದಿನಕ್ಕೆ ಎರಡು ಸಲ ನೀಲಿ ಪರದೆ, ದೊಡ್ಡ ಜಿಪ್ ಫೈಲ್ ಬಿಚ್ಚಿದರೆ ದೋಷ. ಎಕ್ಸ್‌ಪೋ ತೆಗೆದರೆ 3600ಕ್ಕೆ ಇಳಿದು ತೆಪ್ಪಗಿರುತ್ತದೆ. ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಏನು ಮಾಡಲಿ?

ಹನುಮಂತನಗರ:
ಯಾರು ಏನೇ ಹೇಳಲಿ, ನಾಲ್ಕು ಸ್ಟಿಕ್ ಓಡುತ್ತದೆ. ನನ್ನದು ಓಡುತ್ತಿದೆ. 6000ದಲ್ಲಿ ಅಲ್ಲ, 5200ರಲ್ಲಿ. ಅದಕ್ಕೆ ಹತ್ತೊಂಬತ್ತು ರಾತ್ರಿ ಹಿಡಿಯಿತು. ಒಂದೊಂದು ರಾತ್ರಿಯ ಲೆಕ್ಕವನ್ನೂ ಮಗನ ಹಳೆಯ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಬರೆದಿಟ್ಟಿದ್ದೇನೆ.

ಮೊದಲ ದಿನವೇ ಮಾನ ಹೋಯಿತು. ನಾಲ್ಕನ್ನೂ ಕೂರಿಸಿ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಎರಡು ನಿಮಿಷ ಕಾದೆ, ಆಫ್ ಮಾಡಿದೆ. ಮತ್ತೆ ಹಾಕಿದೆ, ಮತ್ತೆ ಕಪ್ಪು. ಹೀಗೆ ಏಳು ಸಲ. ಬೋರ್ಡ್ ಸುಟ್ಟಿತೆಂದು ತೀರ್ಮಾನಿಸಿ, ಕ್ಯಾಬಿನೆಟ್ಟನ್ನು ಹೊದಿಕೆಯಲ್ಲಿ ಸುತ್ತಿ ಆಟೋದಲ್ಲಿ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಗೆ ಒಯ್ದೆ. ಹೋಗುವಾಗ 240, ಬರುವಾಗ ಮಳೆ ಬಂದು 380. ಅಂಗಡಿಯ ಹುಡುಗ ವೈರ್ ಚುಚ್ಚಿ, ಸ್ವಿಚ್ ಒತ್ತಿ, ಚಹಾ ಕುಡಿಯಲು ಹೊರಗೆ ಹೋದ. ಅವನು ಗ್ಲಾಸ್ ಇಟ್ಟು ಒಳಗೆ ಬರುವ ಹೊತ್ತಿಗೆ ಪರದೆ ಬಂದಿತ್ತು! ಹನ್ನೊಂದು ನಿಮಿಷ. ಡಿಡಿಆರ್5 ಮೊದಲ ಸಲ ಬೋರ್ಡಿಗೆ ಹೊಂದಿಕೊಳ್ಳಲು ತರಬೇತಿ ಮಾಡಿಕೊಳ್ಳುವಾಗ, ಅದರಲ್ಲೂ ನಾಲ್ಕು ಸ್ಟಿಕ್ ಇದ್ದರೆ, ಅಷ್ಟು ಹೊತ್ತು ಬೇಕಂತೆ. ನಾನು ಪ್ರತಿ ಸಲ ನಡುವೆ ಆಫ್ ಮಾಡಿ ಅದರ ಪಾಠವನ್ನು ಮೊದಲಿನಿಂದ ಓದಿಸುತ್ತಿದ್ದೆ. ಚಹಾ ಕುಡಿದಿದ್ದಕ್ಕೆ 500 ರೂಪಾಯಿ ಪರೀಕ್ಷಾ ಶುಲ್ಕ.

ಆಮೇಲೆ 6000, 5800, 5600, ಎಲ್ಲವೂ ಬಿದ್ದವು. 5600ರಲ್ಲಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ನಾಲ್ಕು ಸುತ್ತು ಶುದ್ಧ, ಆದರೆ ವಿಂಡೋಸ್ ಒಳಗೆ ಟೆಸ್ಟ್‌ಮೆಮ್5 ಹಾಕಿದರೆ ಮೂರನೆಯ ನಿಮಿಷಕ್ಕೆ ಕೆಂಪು. 5200ರಲ್ಲಿ, ಪ್ರೊಸೆಸರಿನಲ್ಲಿ ರ‍್ಯಾಮ್ ನಿಭಾಯಿಸುವ ಭಾಗಕ್ಕೆ ಹೋಗುವ ಎಸ್ಒಸಿ ವೋಲ್ಟೇಜ್ 1.2, ರ‍್ಯಾಮಿಗೆ 1.35 ಕೊಟ್ಟು, ಹಿಂದಿನ ತರಬೇತಿಯನ್ನೇ ಮತ್ತೆ ಬಳಸುವ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ತೆಗೆದು ಹಾಕಿದ ಮೇಲೆ ಎರಡು ರಾತ್ರಿ ಸತತ ಓಡಿತು. ಪ್ರತಿ ಸಲ ಆನ್ ಮಾಡಿದಾಗ ಒಂದೂವರೆ ನಿಮಿಷ ಕಾಯಬೇಕು. ಅಷ್ಟರಲ್ಲಿ ನಾನು ಹಲ್ಲುಜ್ಜಿಕೊಂಡು ಬರುತ್ತೇನೆ.

ಜಯನಗರ 4ನೇ ಬ್ಲಾಕ್:
ಹತ್ತೊಂಬತ್ತು ರಾತ್ರಿ ನಿದ್ದೆಗೆಟ್ಟು ವೇಗದಲ್ಲಿ 800 ಕಳೆದುಕೊಂಡು ಬಂದದ್ದನ್ನು ಸಾಧನೆ ಎನ್ನುತ್ತಾರೆ. ಸ್ವಾಮಿ, ಎಎಂಡಿ ತಾನೇ ಬರೆದುಕೊಟ್ಟಿದೆ: ರೈಸನ್ 7000 ಸರಣಿಗೆ ಎರಡು ಸ್ಟಿಕ್ ಇದ್ದರೆ 5200, ನಾಲ್ಕಿದ್ದರೆ 3600. ಡಬ್ಬಿಯ ಮೇಲಿನ 6000 ಎಂಬುದು ರ‍್ಯಾಮ್ ಮಾರಿದವನ ಮಾತು, ಪ್ರೊಸೆಸರ್ ಮಾಡಿದವನ ಮಾತಲ್ಲ. ಎಕ್ಸ್‌ಪೋ ಹಾಕಿದರೆ ನಿಗದಿತ ವೇಗ ಮೀರಿಸುವ ಓವರ್‌ಕ್ಲಾಕಿಂಗ್ ಅಲ್ಲ ಎನ್ನುವವರು ಅಳಿಯ ಅಲ್ಲ, ಮಗಳ ಗಂಡ ಎನ್ನುವ ಜಾತಿಯವರು.

ನನಗೆ ಈ ಸಿಟ್ಟು ಬರಲು ಕಾರಣವಿದೆ. ಹಿಂದಿನ ಕಂಪ್ಯೂಟರಿನಲ್ಲಿ ಡಿಡಿಆರ್4 3600, ಎಕ್ಸ್‌ಪೋದಂಥದ್ದೇ ಆದ ಎಕ್ಸ್‌ಎಂಪಿ ಹಾಕಿ ಎರಡು ವರ್ಷ ಓಡಿಸಿದೆ. ನೀಲಿ ಪರದೆ ಬರುತ್ತಿರಲಿಲ್ಲ, ತಿಂಗಳಿಗೊಮ್ಮೆ ಬ್ರೌಸರ್ ತಾನೇ ಮುಚ್ಚಿಕೊಳ್ಳುತ್ತಿತ್ತು, ಅಷ್ಟೇ. ಹಳೆಯ ಡಿಸ್ಕಿನಲ್ಲಿದ್ದ ಮನೆಯ ಫೋಟೋಗಳನ್ನೆಲ್ಲ ಹೊಸದಕ್ಕೆ ನಕಲು ಮಾಡಿ, ಹಳೆಯದನ್ನು ಅಳಿಸಿ ತಮ್ಮನಿಗೆ ಕೊಟ್ಟೆ. ಎಂಟು ತಿಂಗಳ ನಂತರ ಮೊಮ್ಮಗಳ ನಾಮಕರಣದ ಫೋಟೋ ತೆರೆದರೆ ಮೇಲಿನ ಅರ್ಧ ತೊಟ್ಟಿಲು, ಕೆಳಗಿನ ಅರ್ಧ ಬೂದು ಬಣ್ಣ. ಒಟ್ಟು 212 ಫೋಟೋ ಹಾಳು. ಅದರಲ್ಲಿ ನಮ್ಮ ತಾಯಿ ಮಗುವನ್ನು ಎತ್ತಿಕೊಂಡ ಒಂದೇ ಒಂದು ಚಿತ್ರವೂ ಸೇರಿತ್ತು. ಆಗ ಮೆಮ್‌ಟೆಸ್ಟ್ ಹಾಕಿದೆ. ಆರನೆಯ ಸುತ್ತಿನಲ್ಲಿ ಒಂದು ಬಿಟ್ ತಪ್ಪು. ಒಂದೇ ಒಂದು.

ಈಗ ತಪ್ಪನ್ನು ತಾನೇ ಹಿಡಿದು ತಿದ್ದುವ ಇಸಿಸಿ ರ‍್ಯಾಮ್, 4800, ಇಸಿಸಿ ನಡೆಯುವ ಬೋರ್ಡನ್ನು ಹುಡುಕಿ ತಂದು ಹಾಕಿದ್ದೇನೆ. ಡಿಡಿಆರ್5ರಲ್ಲಿ ಇಸಿಸಿ ಹೇಗೂ ಇದೆಯಲ್ಲ ಎಂದು ಯಾರೂ ಬರೆಯಬೇಡಿ. ಅದು ಚಿಪ್ಪಿನ ಒಳಗಿನ ತಪ್ಪನ್ನು ತಿದ್ದುತ್ತದೆ, ಚಿಪ್ಪಿನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಆದ ತಪ್ಪಿಗೆ ಅದರ ಕಾವಲಿಲ್ಲ.

ಹನುಮಂತನಗರ:
ನಿಮ್ಮ ಫೋಟೋ ಹೋದದ್ದಕ್ಕೆ ನಿಜವಾಗಿಯೂ ಬೇಸರವಿದೆ. ಆದರೆ ನಕಲು ಮಾಡಿದ ಮೇಲೆ ಹೋಲಿಸಿ ನೋಡದೆ ಮೂಲವನ್ನು ಅಳಿಸಿದವರು ಯಾರು? ಅದು ರ‍್ಯಾಮಿನ ತಪ್ಪೇ?

ಜಯನಗರ 4ನೇ ಬ್ಲಾಕ್:
ನಿಮಗೆ ಬೇಸರವಿಲ್ಲ. ಇದ್ದವರು ಎರಡನೆಯ ವಾಕ್ಯ ಬರೆಯುತ್ತಿರಲಿಲ್ಲ.

ವಿಜಯನಗರ:
ಇಬ್ಬರೂ ಸ್ವಲ್ಪ ನಿಲ್ಲಿ. ವೇಗ, ವೋಲ್ಟೇಜ್ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಸ್ಕ್ರೂಡ್ರೈವರ್ ತೆಗೆದುಕೊಳ್ಳಿ ಎನ್ನುವುದು ನನ್ನ ಅನುಭವ. ಈ ಅನುಭವಕ್ಕೆ ನಾನು ಕೊಟ್ಟ ಬೆಲೆ 36,850 ರೂಪಾಯಿ.

ನನ್ನದು ಎರಡೇ ಸ್ಟಿಕ್. 6000ದಲ್ಲಿ ಬೂಟ್ ಆಗುತ್ತಿತ್ತು, ಅರ್ಧ ಗಂಟೆಗೆ ನೀಲಿ ಪರದೆ. ಕೆಲವು ದಿನ ಬೆಳಗ್ಗೆ ನೋಡಿದರೆ 32 ಜಿಬಿ ಬದಲು 16 ಮಾತ್ರ ಕಾಣುತ್ತಿತ್ತು. ರ‍್ಯಾಮ್ ಕೆಟ್ಟಿದೆ ಎಂದುಕೊಂಡು ಹೊಸದು ತಂದೆ, 9,800. ಅದೇ ಕಥೆ. ಬೋರ್ಡ್ ಇರಬೇಕು ಎಂದುಕೊಂಡು ಬದಲಾಯಿಸಿದೆ, 17,500. ಅದೇ ಕಥೆ. ಎಸ್‌ಎಂಪಿಎಸ್ ಸರಿಯಾದ ವೋಲ್ಟೇಜ್ ಕೊಡುತ್ತಿಲ್ಲ ಎಂದು ಭಾವಮೈದುನ ಹೇಳಿದ, 8,400. ಥರ್ಮಲ್ ಪೇಸ್ಟ್ ಮೂರು ಟ್ಯೂಬ್, 1,150. ಮನೆಯಲ್ಲಿ ಮಾತು ನಿಂತು ಹದಿನೈದು ದಿನ. ಕೊನೆಗೆ ಪ್ರೊಸೆಸರನ್ನೇ ಬದಲಿಸೋಣವೆಂದು ಕೂಲರ್ ಬಿಚ್ಚಲು ಹೋದರೆ ಒಂದು ಮೂಲೆಯ ಸ್ಕ್ರೂ ತಿರುಗುವುದೇ ಇಲ್ಲ, ಎದುರು ಮೂಲೆಯದು ಬೆರಳಿಗೇ ಬಿಚ್ಚಿಕೊಂಡಿತು. ಎರಡೂ ಬೋರ್ಡಿನಲ್ಲಿ ಕೂಲರ್ ಕೂರಿಸಿದವನು ನಾನೇ, ಎರಡೂ ಸಲ ಒಂದೇ ತಪ್ಪು. ಒಂದು ಪಕ್ಕ ಒತ್ತಿ, ಇನ್ನೊಂದು ಪಕ್ಕ ಪ್ರೊಸೆಸರ್ ಕೆಳಗಿನ ಪಿನ್‌ಗಳು ಸರಿಯಾಗಿ ತಾಗದೆ ರ‍್ಯಾಮಿನ ಒಂದು ಚಾನಲ್ ಬಂದು ಹೋಗಿ ಮಾಡುತ್ತಿತ್ತು. ನಾಲ್ಕೂ ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ, ಅರ್ಧರ್ಧ ಸುತ್ತಿನಂತೆ ಬಿಗಿ ಮಾಡಿದೆ. ಅಂದಿನಿಂದ ಇಂದಿನವರೆಗೆ ಒಂದು ತಪ್ಪೂ ಇಲ್ಲ. ಬೆಟ್ಟ ಅಗೆದು ಇಲಿ ಹಿಡಿದದ್ದಾಯಿತು. ಆ ಬೆಟ್ಟ ಈಗ ಅಟ್ಟದ ಮೇಲೆ ಡಬ್ಬಿಗಳಲ್ಲಿದೆ.

ಯಲಹಂಕ ಉಪನಗರ:
ಅಟ್ಟದ ಮೇಲೆ ಏಕೆ ಇಟ್ಟಿದ್ದೀರಿ? ಹಳೆಯ ರ‍್ಯಾಮ್ ಚೆನ್ನಾಗಿತ್ತೆಂದ ಮೇಲೆ ಹೊಸದನ್ನು ಮಾರಬಹುದಿತ್ತಲ್ಲ. ಈಗಿನ ದರಕ್ಕೆ ಅಸಲು ಬಂದು ಮೇಲೆ ಲಾಭವೂ ಸಿಗುತ್ತದೆ. ಅಥವಾ ಬಿಲ್ ಇಲ್ಲವೇ?

ವಿಜಯನಗರ:
ಬಿಲ್ ಇಲ್ಲ. ಎಸ್.ಪಿ. ರಸ್ತೆಯಲ್ಲಿ ಪರಿಚಯದವರ ಬಳಿ ತಂದದ್ದು. ಹದಿನೈದು ವರ್ಷದ ಪರಿಚಯ.

ಯಲಹಂಕ ಉಪನಗರ:
ಬಂತು ನೋಡಿ ಪರಿಚಯದ ಮಾತು. ನನಗೂ ಒಬ್ಬ ಪರಿಚಯದವರಿದ್ದರು. “ಬಿಲ್ ಬೇಡ ಎಂದರೆ 18 ಪರ್ಸೆಂಟ್ ಉಳಿಯುತ್ತದೆ ಸರ್, ಏನಾದರೂ ಆದರೆ ನಾನಿದ್ದೇನಲ್ಲ” ಎಂದರು. 1,600 ರೂಪಾಯಿ ಉಳಿಸಿ ವೀರನಂತೆ ಮನೆಗೆ ಬಂದೆ. ಹನ್ನೊಂದು ತಿಂಗಳಿಗೆ ಒಂದು ಸ್ಟಿಕ್ ಸತ್ತಿತು. ವೇಗದ ತಕರಾರಲ್ಲ, 4800ರಲ್ಲೂ ಬೂಟ್ ಇಲ್ಲ. ಡಬ್ಬಿಯ ಮೇಲೆ ಜೀವಿತಾವಧಿ ವಾರಂಟಿ ಎಂದು ದಪ್ಪ ಅಕ್ಷರದಲ್ಲಿದೆ. ಸರ್ವಿಸ್ ಸೆಂಟರಿನವರು ಕೇಳಿದ ಮೊದಲ ಪ್ರಶ್ನೆ ಬಿಲ್ ಎಲ್ಲಿ. ಎಸ್.ಪಿ. ರಸ್ತೆಗೆ ಹೋದೆ, ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಿದ್ದರು. ನಾನಿದ್ದೇನಲ್ಲ ಎಂದವರ ಫೋನ್ ಇವತ್ತಿಗೂ ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಜೋಡಿಯಾಗಿ ತಂದದ್ದರಲ್ಲಿ ಒಂದು ಉಳಿದಿದೆ, ಅದನ್ನು ಬೇರೆ ಒಂದರ ಜೊತೆ ಸೇರಿಸಿದರೆ ಎಕ್ಸ್‌ಪೋ ಒಪ್ಪುವುದಿಲ್ಲ. ಒಂದೇ ಮಾದರಿ ಸಂಖ್ಯೆ ಇದ್ದರೂ ಒಳಗೆ ಒಂದು ಕಂತಿನಲ್ಲಿ ಒಬ್ಬರ ಚಿಪ್, ಮುಂದಿನ ಕಂತಿನಲ್ಲಿ ಇನ್ನೊಬ್ಬರ ಚಿಪ್ ಇರಬಹುದು. ಪ್ರಶ್ನೆ ಕೇಳಿದವರೂ ಇದನ್ನು ಗಮನಿಸಬೇಕು. ನಾನಂತೂ ಅಂದಿನಿಂದ ಏನಿದ್ದರೂ ಆನ್‌ಲೈನ್.

ವಿಜಯನಗರ:
ಆನ್‌ಲೈನಿನಲ್ಲಿ ಡಬ್ಬಿಯೊಳಗೆ ಸೋಪು ಬಂದವರು ನನ್ನ ಕಚೇರಿಯಲ್ಲೇ ಇದ್ದಾರೆ. ಒಬ್ಬ ಮೋಸ ಮಾಡಿದನೆಂದು ಇಡೀ ರಸ್ತೆಗೆ ಮಸಿ ಬಳಿಯಬೇಡಿ. ಈ ಊರಿನಲ್ಲಿ ಅರ್ಧ ಜನ ಕಂಪ್ಯೂಟರ್ ಕಲಿತದ್ದೇ ಸಾದರ ಪತ್ರಪ್ಪನ ಹೆಸರಿನ ಆ ರಸ್ತೆಯಲ್ಲಿ, ಒಂದೊಂದೇ ಭಾಗ ಕೊಂಡು.

ಯಲಹಂಕ ಉಪನಗರ:
ಕಲಿತದ್ದು ನಿಜ. ನಾನು ಕಲಿತದ್ದನ್ನೇ ಮೇಲೆ ಬರೆದಿದ್ದೇನೆ.

ಬಿಟಿಎಂ ಲೇಔಟ್, ಊರು ಉಡುಪಿ:
ಬಿಲ್ಲಿನ ಜಗಳ ಮುಗಿಯಿತೇ ಮಾರಾಯರೇ? ಸೆಕೆಯ ಬಗ್ಗೆ ಯಾರೂ ಮಾತಾಡಲಿಲ್ಲ. ಬೆಂಗಳೂರಿಗೆ ಬಂದ ಹೊಸದರಲ್ಲಿ ಇಲ್ಲಿ ಕಂಪ್ಯೂಟರಿಗೆ ಸೆಕೆಯೇ ಇಲ್ಲವೆಂದು ನಂಬಿದ್ದೆ. 2024ರ ಏಪ್ರಿಲ್‌ನಲ್ಲಿ ನಗರ 38 ಡಿಗ್ರಿ ದಾಟಿದಾಗ ಆ ನಂಬಿಕೆ ಕಳಚಿತು. ನನ್ನದು ಮೂರನೆಯ ಮಹಡಿಯ ಮೇಲಿನ ಶೀಟ್ ಹಾಕಿದ ಕೋಣೆ. ರಾತ್ರಿಯೆಲ್ಲ ಪರೀಕ್ಷೆ ಮಾಡಿದರೂ ಶುದ್ಧ, ಮಧ್ಯಾಹ್ನ ಎರಡರಿಂದ ಐದರವರೆಗೆ ಮಾತ್ರ ತಪ್ಪು. ಯಾರೋ ಹೇಳಿದರೆಂದು ಟಿರೆಫಿಯನ್ನು 65535ಕ್ಕೆ ಏರಿಸಿಟ್ಟಿದ್ದೆ. ಅಂದರೆ ರ‍್ಯಾಮ್ ತನ್ನ ನೆನಪನ್ನು ಮತ್ತೆ ತುಂಬಿಕೊಳ್ಳುವುದನ್ನು ಆದಷ್ಟು ಮುಂದೂಡುವುದು. ವೇಗ ಬರುತ್ತದೆ, ಆದರೆ ಸ್ಟಿಕ್ ಬಿಸಿಯಾದಷ್ಟೂ ನೆನಪು ಬೇಗ ಸೋರುತ್ತದೆ. ಸ್ಟಿಕ್ಕಿನ ಸೆನ್ಸರ್ ನೋಡಿದರೆ ರಾತ್ರಿ 44, ಮಧ್ಯಾಹ್ನ ಗ್ರಾಫಿಕ್ಸ್ ಕಾರ್ಡ್ ಓಡುವಾಗ 67. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟೆ. ತಪ್ಪು ಮಾಯ. ಆ ಬೇಸಿಗೆ ಪೂರ್ತಿ ಫ್ಯಾನ್ ಕಂಪ್ಯೂಟರಿಗೆ, ನನಗೆ ಬೀಸಣಿಗೆ. ಕೊನೆಗೆ ಟಿರೆಫಿಯನ್ನು ಆಟೋಗೆ ಬಿಟ್ಟು ಫ್ಯಾನನ್ನು ನನ್ನ ಕಡೆ ತಿರುಗಿಸಿಕೊಂಡೆ.

ನಾಲ್ಕು ಸ್ಟಿಕ್ ಹಾಕಿದರೆ ನಡುವೆ ಗಾಳಿಯಾಡಲು ಜಾಗವೂ ಇರುವುದಿಲ್ಲ. ದೀಪ ಮಿನುಗುವ ಸ್ಟಿಕ್ಕಾದರೆ ಕೇಳುವುದೇ ಬೇಡ.

ಹನುಮಂತನಗರ:
ನನ್ನದು ದೀಪ ಮಿನುಗುವ ಸ್ಟಿಕ್. 58 ಡಿಗ್ರಿ ದಾಟಿಲ್ಲ. ಕ್ಯಾಬಿನೆಟ್ ಆರಿಸಲು ಬಾರದಿದ್ದರೆ ದೀಪವನ್ನು ದೂರಬೇಡಿ.

ಬಿಟಿಎಂ ಲೇಔಟ್, ಊರು ಉಡುಪಿ:
ನಿಮಗೆ ದೀಪ ಬೇಕೇ ಬೇಕು, ಒಪ್ಪುತ್ತೇನೆ. ಹತ್ತೊಂಬತ್ತು ರಾತ್ರಿ ಕತ್ತಲಲ್ಲಿ ಕೂತವರಲ್ಲವೇ.

ಜಯನಗರ 4ನೇ ಬ್ಲಾಕ್:
ಇಷ್ಟೆಲ್ಲ ಹೇಳಿದರೂ ಪ್ರಶ್ನೆ ಕೇಳಿದವರಿಗೆ ಯಾರೂ ನೇರ ಮಾತು ಹೇಳಲಿಲ್ಲ. 3600ರಲ್ಲಿ ಬಿಟ್ಟುಬಿಡಿ. ಮದುವೆಯ ವಿಡಿಯೋ ಎರಡು ನಿಮಿಷ ತಡವಾಗಿ ಮುಗಿದರೆ ಯಾರ ತಾಳಿಯೂ ಕಳಚುವುದಿಲ್ಲ. ಬೇರೆಯವರ ಮದುವೆ ಅದು, ಫೈಲ್ ಕೆಟ್ಟರೆ ಅವರು ಮತ್ತೊಮ್ಮೆ ಮದುವೆಯಾಗಲು ಬರುವುದಿಲ್ಲ.

ಹನುಮಂತನಗರ:
3600ರಲ್ಲಿ ಓಡಿಸಲು 6000ದ ಹಣ ಏಕೆ ಕೊಡಬೇಕು? 4800ರಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಏರಿಸಿ. ಎಸ್ಒಸಿ ವೋಲ್ಟೇಜ್ 1.3 ದಾಟಬಾರದು. 2023ರಲ್ಲಿ ಕೆಲವು ಪ್ರೊಸೆಸರ್ ಸುಟ್ಟ ಮೇಲೆ ಎಎಂಡಿಯೇ ಆ ಮಿತಿ ಹಾಕಿದೆ, ಬೋರ್ಡಿನ ಒಳಗಿನ ಬಯಾಸ್ ತಂತ್ರಾಂಶ ಹಳೆಯದಿದ್ದರೆ ಮೊದಲು ಅದನ್ನು ಹೊಸದು ಮಾಡಿಕೊಳ್ಳಿ. ಬೇಕಾದರೆ ನನ್ನ ನೋಟ್‌ಬುಕ್ಕಿನ ಪುಟಗಳ ಚಿತ್ರ ಕಳುಹಿಸುತ್ತೇನೆ.

ವಿಜಯನಗರ:
ಮೊದಲು ಕೂಲರಿನ ಸ್ಕ್ರೂ ನೋಡಿ.

ರಾಜಾಜಿನಗರ:
ಎಲ್ಲರಿಗೂ ಧನ್ಯವಾದ. ಸ್ಕ್ರೂ ನೋಡಿದೆ, ಸರಿಯಾಗಿಯೇ ಇದೆ. 4800ರಲ್ಲಿ ಪ್ರಯತ್ನಿಸಿದೆ, ನಲವತ್ತನೆಯ ನಿಮಿಷಕ್ಕೆ ಒಂದು ತಪ್ಪು ಬಂತು. ಜಯನಗರದವರ ತೊಟ್ಟಿಲಿನ ಫೋಟೋ ನೆನಪಾಗಿ ಅಲ್ಲಿಗೇ ನಿಲ್ಲಿಸಿದೆ. ಹೊಸ ಜೋಡಿಯನ್ನು ತೆಗೆದು, ಹಳೆಯ ಎರಡನ್ನು ಮೊದಲಿನಂತೆ ಪ್ರೊಸೆಸರ್ ಕಡೆಯಿಂದ ಎರಡನೆಯ, ನಾಲ್ಕನೆಯ ಸ್ಲಾಟಿಗೆ ಹಾಕಿ 6000ದಲ್ಲಿ ರಾತ್ರಿಯೆಲ್ಲ ಓಡಿಸಿದೆ. ಒಂಬತ್ತು ಗಂಟೆ, ತಪ್ಪಿಲ್ಲ. ಎಡಿಟಿಂಗಿಗೆ 32 ಜಿಬಿ ಸಾಲುವುದಿಲ್ಲ, ಆದರೆ ವಿಡಿಯೋದ ಚಿಕ್ಕ ನಕಲಾದ ಪ್ರಾಕ್ಸಿ ಫೈಲ್ ಮಾಡಿಕೊಂಡು ಸದ್ಯಕ್ಕೆ ತಳ್ಳುತ್ತಿದ್ದೇನೆ. 32 ಜಿಬಿಯ ಸ್ಟಿಕ್ ಎರಡು ಕೊಳ್ಳಬೇಕು ಎಂದಿದ್ದೇನೆ. ಅದಕ್ಕಾಗಿ ಈ ಹೊಸ ಜೋಡಿಯನ್ನು ಕೊಟ್ಟುಬಿಡುತ್ತೇನೆ. ಎಂಟು ದಿನ ಬಳಸಿದ್ದು, 29,000. ಯಾರಿಗಾದರೂ ಬೇಕೇ?

ಯಲಹಂಕ ಉಪನಗರ:
ಬೇಕು. ಬಿಲ್ ಇದೆಯೇ?